ಮೀಟರ್‌ಗೆ ಕಾಣದ ಒಂದು ಸುತ್ತು: ಟ್ರಾನ್ಸ್‌ಫಾರ್ಮರ್ ವೈಂಡಿಂಗ್ ದೋಷವನ್ನು ಮೊದಲೇ ಹಿಡಿಯುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆ "ಟಿಸಿ ಸುಟ್ಟದರಿ" ಎಂದರೆ ಮುಂದಿನದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಬೋರ್‌ವೆಲ್ ನಿಂತಿದೆ, ಊರಿನ ಟ್ಯಾಂಕಿಗೆ ನೀರು ಏರುತ್ತಿಲ್ಲ, ಹಿಟ್ಟಿನ ಗಿರಣಿ ಬಂದ್ ಆಗಿದೆ ಎಂದು ಎಲ್ಲರಿಗೂ ಗೊತ್ತು. ಆದರೆ ಹೊಲದ ಬದುವಿನಲ್ಲಿ ಕಂಬದ ಮೇಲೆ ಕೂತಿರುವ ಆ ಟಿಸಿ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್, ಚಿಕ್ಕದು. ಸಾಮರ್ಥ್ಯ 25, 63 ಇಲ್ಲವೇ 100 ಕೆವಿಎ. ಸುಟ್ಟರೆ ಇಳಿಸಿ, ಗಾಡಿಗೆ ಹಾಕಿ, ಬೇರೆಯದನ್ನು ತಂದು ಕೂರಿಸಬಹುದು.

ಅದರ ಹಿಂದೆ, ಸಬ್‌ಸ್ಟೇಷನ್ ಬೇಲಿಯ ಒಳಗೆ ನಿಂತಿರುವ ಪವರ್ ಟ್ರಾನ್ಸ್‌ಫಾರ್ಮರ್ ಮಾತು ಬೇರೆ. 110 ಕೆವಿಯನ್ನು 11 ಕೆವಿಗೆ ಇಳಿಸುವ 10 ಎಂವಿಎ ಟ್ರಾನ್ಸ್‌ಫಾರ್ಮರ್ ಎಂದರೆ 100 ಕೆವಿಎಯ ನೂರು ಟಿಸಿಗಳಿಗೆ ಸಮ. ಅದು ಕೈಕೊಟ್ಟರೆ ಹತ್ತಾರು ಹಳ್ಳಿಗಳು ಒಟ್ಟಿಗೆ ಕತ್ತಲಾಗುತ್ತವೆ. ಅದನ್ನು ಟ್ರ್ಯಾಕ್ಟರ್‌ನಲ್ಲಿ ಒಯ್ಯುವ ಹಾಗಿಲ್ಲ. ಎಣ್ಣೆ ಇಳಿಸಬೇಕು, ದೊಡ್ಡ ಟ್ರೇಲರ್ ಬೇಕು, ಕ್ರೇನ್ ಬೇಕು. ಬದಲಿ ಸಿಕ್ಕರೂ ಅದನ್ನು ಒಣಗಿಸಿ, ಎಣ್ಣೆ ಶೋಧಿಸಿ, ಪರೀಕ್ಷೆ ಮುಗಿಸಿ ಚಾರ್ಜ್ ಮಾಡುವ, ಅಂದರೆ ಲೈನಿಗೆ ಕೂಡಿಸುವ, ಹೊತ್ತಿಗೆ ಬೆಳೆ ಬಾಡಿರುತ್ತದೆ.

ಇಂಥ ದೊಡ್ಡ ಯಂತ್ರ ಒಂದೇ ದಿನದಲ್ಲಿ ಹಾಳಾಗುವುದು ಅಪರೂಪ. ಎಷ್ಟೋ ಸಲ ದೋಷ ವೈಂಡಿಂಗ್‌ನ, ಅಂದರೆ ಒಳಗಿನ ತಾಮ್ರದ ಸುರುಳಿಯ, ಒಂದೇ ಒಂದು ಜಾಗದಲ್ಲಿ, ಬೆರಳಗಲದಷ್ಟು ಕಾಗದದಲ್ಲಿ ಶುರುವಾಗುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಳಿವು ಕೊಡುತ್ತದೆ. ಸುಳಿವನ್ನು ಎಲ್ಲಿ ಹುಡುಕಬೇಕು ಅನ್ನುವುದೇ ಪ್ರಶ್ನೆ. ಕಂಟ್ರೋಲ್ ರೂಮಿನ ಮೀಟರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಅನ್ನುವುದರಿಂದಲೇ ಶುರು ಮಾಡೋಣ. ಅದು ತಿಳಿದರೆ ಉಳಿದ ಎಲ್ಲ ಪರೀಕ್ಷೆಗಳು ತಾವಾಗಿ ಅರ್ಥವಾಗುತ್ತವೆ.

ಒಂದು ಸುತ್ತಿನ ಲೆಕ್ಕ

ಟ್ರಾನ್ಸ್‌ಫಾರ್ಮರ್ ಒಳಗೆ ಇರುವುದು ಉಕ್ಕಿನ ತೆಳು ಹಾಳೆಗಳ ಕೋರ್, ಅದರ ಸುತ್ತ ತಾಮ್ರದ ಸುರುಳಿ. ತಾಮ್ರಕ್ಕೆ ಕಾಗದ ಸುತ್ತಿರುತ್ತಾರೆ. ಮಾಮೂಲಿ ಕ್ರಾಫ್ಟ್ ಕಾಗದ, ಮರದ ತಿರುಳಿನಿಂದ ಮಾಡಿದ್ದು. ಇದೆಲ್ಲ ಎಣ್ಣೆಯಲ್ಲಿ ಮುಳುಗಿರುತ್ತದೆ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವೆ ಇರುವುದು ಆ ಕಾಗದದ ಪದರ, ಮತ್ತು ಅದು ಹೀರಿಕೊಂಡ ಎಣ್ಣೆ. ಅಷ್ಟೇ.

ಲೆಕ್ಕ ಸುಲಭವಾಗಲಿ ಎಂದು 110 ಕೆವಿ ಕಡೆಯ ಒಂದು ಫೇಸ್‌ನಲ್ಲಿ 1000 ಸುತ್ತು ಇವೆ ಎಂದುಕೊಳ್ಳೋಣ. ಸ್ಟಾರ್ ಜೋಡಣೆಯಲ್ಲಿ ಒಂದು ಫೇಸ್‌ಗೆ ಬೀಳುವ ವೋಲ್ಟೇಜ್ ಸುಮಾರು 63,500. ಅಂದರೆ ಒಂದು ಸುತ್ತಿಗೆ 63.5 ವೋಲ್ಟ್. 10 ಎಂವಿಎ ಪೂರ್ತಿ ಲೋಡ್ ಇದ್ದಾಗ ಆ ಸುರುಳಿಯಲ್ಲಿ ಹರಿಯುವ ಕರೆಂಟ್ ಸುಮಾರು 52 ಆಂಪಿಯರ್.

ಈಗ ಎರಡು ಸುತ್ತುಗಳ ನಡುವಿನ ಕಾಗದ ಒಂದು ಕಡೆ ಸುಟ್ಟು, ತಾಮ್ರಕ್ಕೆ ತಾಮ್ರ ತಾಗಿತು ಎನ್ನೋಣ. ಒಂದು ಸುತ್ತು ತನ್ನೊಳಗೇ ಶಾರ್ಟ್ ಆಯಿತು. 63.5 ವೋಲ್ಟ್ ಚಿಕ್ಕದಾಗಿ ಕಾಣಬಹುದು. ಆದರೆ ಒಂದು ಸುತ್ತು ತಾಮ್ರದ ಪ್ರತಿರೋಧ ಒಂದು ಓಮ್‌ನ ಸಾವಿರದ ಕೆಲವೇ ಭಾಗ. ಹಾಗಾಗಿ ಆ ಸುತ್ತಿನಲ್ಲಿ ಮಾಮೂಲಿಗಿಂತ ಹತ್ತಾರು ಪಟ್ಟು ಕರೆಂಟ್ ಗಿರಕಿ ಹೊಡೆಯುತ್ತದೆ. 50 ಪಟ್ಟು ಎಂದಿಟ್ಟುಕೊಂಡರೆ 2,600 ಆಂಪಿಯರ್. ಕಾವು ಕರೆಂಟ್‌ನ ವರ್ಗದಂತೆ ಏರುತ್ತದೆ, ಅಂದರೆ 2,500 ಪಟ್ಟು. ನಿನ್ನೆಯವರೆಗೆ ಸುಮಾರು 10 ವ್ಯಾಟ್ ಕಾವು ಬಿಡುತ್ತಿದ್ದ ಸುತ್ತು ಇವತ್ತು 25,000 ವ್ಯಾಟ್ ಬಿಡುತ್ತದೆ, ಅದೂ ಮೂರು ಮೀಟರ್ ತಾಮ್ರದಲ್ಲಿ.

ಡಿಪ್ಲೊಮಾ ಓದುವ ಹುಡುಗರಿಗೆ ಈ ಲೆಕ್ಕ ಹೇಳಿದಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸರ್, ಅಷ್ಟು ಕರೆಂಟ್ ಹರದ್ರ ಅಮ್ಮೀಟರ್‌ದಾಗ ಯಾಕ್ ಕಾಣಲ್ರಿ?" ನನಗೆ ಬಹಳ ಇಷ್ಟದ ಪ್ರಶ್ನೆ ಇದು. ಯಾಕೆಂದರೆ ಇಡೀ ವಿಷಯದ ಕೀಲಿ ಇದರಲ್ಲೇ ಇದೆ.

ಟ್ರಾನ್ಸ್‌ಫಾರ್ಮರ್‌ನಲ್ಲಿ ಲೆಕ್ಕಕ್ಕೆ ಬರುವುದು ಬರೀ ಆಂಪಿಯರ್ ಅಲ್ಲ, ಆಂಪಿಯರ್ ಗುಣಿಸು ಸುತ್ತು. ಶಾರ್ಟ್ ಆದ ಸುತ್ತಿನಲ್ಲಿ 2,600 ಆಂಪಿಯರ್, ಒಂದು ಸುತ್ತು. ಗುಣಿಸಿದರೆ 2,600. ಇದನ್ನು ಸರಿದೂಗಿಸಲು 1000 ಸುತ್ತಿನ ಸುರುಳಿ ಲೈನ್‌ನಿಂದ ಎಷ್ಟು ಕರೆಂಟ್ ಜಾಸ್ತಿ ಎಳೆಯಬೇಕು? ಬರೀ 2.6 ಆಂಪಿಯರ್. 52 ಆಂಪಿಯರ್‌ನ ಮೀಟರ್‌ನಲ್ಲಿ 2.6 ಅಂದರೆ ಶೇ 5. ಒಂದು ಫೀಡರ್‌ನ, ಅಂದರೆ ಹಳ್ಳಿಗಳಿಗೆ ಹೋಗುವ 11 ಕೆವಿ ಲೈನಿನ, ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಆನ್-ಆಫ್ ಆದರೆ ಮುಳ್ಳು ಅದಕ್ಕಿಂತ ಜಾಸ್ತಿ ಅಲ್ಲಾಡುತ್ತದೆ. ಒಳಗೆ ತಾಮ್ರ ಕರಗುತ್ತಿರುವಾಗ ಹೊರಗೆ ಎಲ್ಲವೂ ನಾರ್ಮಲ್.

ರಿಲೇಗೆ ಯಾಕೆ ಗೊತ್ತಾಗುವುದಿಲ್ಲ

"ಡಿಫರೆನ್ಶಿಯಲ್ ರಿಲೇ ಇದೆಯಲ್ಲ" ಎಂದು ಶಿಫ್ಟ್ ಆಪರೇಟರ್‌ಗಳು ಹೇಳುತ್ತಾರೆ. ನಿಜ, ಇದೆ. ಅದು ಒಳಗೆ ಹೋಗುವ ಕರೆಂಟ್ ಮತ್ತು ಹೊರಗೆ ಬರುವ ಕರೆಂಟ್ ಎರಡನ್ನೂ ತಾಳೆ ನೋಡುತ್ತದೆ, ವ್ಯತ್ಯಾಸ ಕಂಡರೆ ಟ್ರಿಪ್ ಮಾಡುತ್ತದೆ. ಆದರೆ ಯಾವ ವ್ಯತ್ಯಾಸವನ್ನೂ ಬಿಡದ ಹಾಗೆ ಅದನ್ನು ಸೆಟ್ ಮಾಡಲು ಆಗುವುದಿಲ್ಲ. ಎರಡೂ ಕಡೆ ಕರೆಂಟ್ ಅಳೆದು ರಿಲೇಗೆ ಕೊಡುವ ಸಿಟಿಗಳು ಒಂದೇ ರೀತಿ ಇರುವುದಿಲ್ಲ. ವೋಲ್ಟೇಜ್ ಹೊಂದಿಸಲು ಸುತ್ತುಗಳನ್ನು ಹೆಚ್ಚು ಕಡಿಮೆ ಮಾಡುವ ಟ್ಯಾಪ್ ಬದಲಾದಾಗ ಅನುಪಾತವೇ ಬದಲಾಗುತ್ತದೆ. ಕೋರ್ ತನಗೆ ಬೇಕಾದ ಸ್ವಲ್ಪ ಕರೆಂಟ್ ತಿನ್ನುತ್ತದೆ. ಇದಕ್ಕೆಲ್ಲ ಜಾಗ ಬಿಡಬೇಕು. ಹಾಗಾಗಿ ಸಾಮಾನ್ಯವಾಗಿ ಶೇ 20ರಿಂದ 30ರ ವ್ಯತ್ಯಾಸ ಬರುವವರೆಗೆ ರಿಲೇ ಸುಮ್ನೆ ಇರುತ್ತದೆ. ಕಲಬುರಗಿಯ ದಾಲ್ ಮಿಲ್‌ಗೆ ಬರುವ ತೊಗರಿ ಲಾರಿಯನ್ನು ವೇಬ್ರಿಜ್ ಮೇಲೆ ತೂಗುತ್ತಾರೆ. ದಾರಿಯಲ್ಲಿ ಒಂದು ಸೇರು ತೊಗರಿ ಸೋರಿದ್ದು ಆ ತೂಕದಲ್ಲಿ ಕಾಣುವುದಿಲ್ಲ. ವೇಬ್ರಿಜ್ ಕೆಟ್ಟಿದೆ ಅಂತಲ್ಲ, ಅದು ತೂಗುವುದು ಲಾರಿಯನ್ನು. ಡಿಫರೆನ್ಶಿಯಲ್ ರಿಲೇ ಕೂಡ ಹಾಗೇ.

ಈಚಿನ ನ್ಯೂಮರಿಕಲ್ ರಿಲೇಗಳಲ್ಲಿ ಇನ್ನೊಂದು ಉಪಾಯ ಇದೆ. ಶಾರ್ಟ್ ಆದ ಸುತ್ತು ಒಂದೇ ಫೇಸ್‌ನಲ್ಲಿ ಇರುವುದರಿಂದ ಮೂರು ಫೇಸ್‌ಗಳ ಸಮತೋಲನ ತಪ್ಪುತ್ತದೆ. ಆ ಅಸಮತೋಲನದ ಭಾಗವನ್ನು, ಅಂದರೆ ನೆಗೆಟಿವ್ ಸೀಕ್ವೆನ್ಸ್ ಕರೆಂಟನ್ನು, ಎರಡೂ ಕಡೆ ಬೇರ್ಪಡಿಸಿ ಹೋಲಿಸಿದರೆ ದೋಷ ಒಳಗಿದೆಯೋ ಹೊರಗಿದೆಯೋ ಎಂದು ತಿಳಿಯುತ್ತದೆ. ಹಳೆಯ ರಿಲೇಗಿಂತ ಬಹಳ ಸೂಕ್ಷ್ಮ. ಹೊಸ ರಿಲೇ ಹಾಕಿದ ಕಡೆ ಈ ಸೌಲಭ್ಯ ಆನ್ ಆಗಿದೆಯೇ ಎಂದು ಒಮ್ಮೆ ನೋಡುವುದು ಒಳ್ಳೆಯದು. ಎಷ್ಟೋ ಕಡೆ ರಿಲೇ ಹೊಸದು, ಸೆಟ್ಟಿಂಗ್ ಹಳೆಯದು.

ಕಾಗದ ಸೋಲುವುದು ಹೇಗೆ

ನಮ್ಮ ಭಾಗದಲ್ಲಿ ಏಪ್ರಿಲ್, ಮೇ ಬಂದರೆ 42 ಡಿಗ್ರಿ ದೊಡ್ಡ ಸುದ್ದಿಯೇನಲ್ಲ. ಅಂತರರಾಷ್ಟ್ರೀಯ ಮಾನದಂಡ ಟ್ರಾನ್ಸ್‌ಫಾರ್ಮರ್‌ಗೆ ಇಟ್ಟುಕೊಂಡಿರುವ ಮಾಮೂಲಿ ಲೆಕ್ಕ, ಹೊರಗಿನ ಹವೆ 40 ಡಿಗ್ರಿ ಮೀರುವುದಿಲ್ಲ ಅಂತ. ಅದಕ್ಕೇ ನಮ್ಮ ದೇಶದ ಮಾನದಂಡದಲ್ಲಿ 50 ಡಿಗ್ರಿಯ ಲೆಕ್ಕ ಇಟ್ಟಿದ್ದಾರೆ.

ಕಾವು ಮಾಡುವ ಕೆಲಸ ನಿಧಾನದ್ದು. ವೈಂಡಿಂಗ್‌ನ ಅತಿ ಬಿಸಿ ಜಾಗಕ್ಕೆ ಹಾಟ್‌ಸ್ಪಾಟ್ ಅನ್ನುತ್ತಾರೆ. ಅದು 98 ಡಿಗ್ರಿಯಲ್ಲಿದ್ದರೆ ಕ್ರಾಫ್ಟ್ ಕಾಗದಕ್ಕೆ ಮಾಮೂಲಿ ವೇಗದಲ್ಲಿ ವಯಸ್ಸಾಗುತ್ತದೆ. ಅಲ್ಲಿಂದ ಮೇಲೆ ಪ್ರತಿ 6 ಡಿಗ್ರಿಗೆ ಆ ವೇಗ ಎರಡು ಪಟ್ಟು. 104 ಆದರೆ ಎರಡು ಪಟ್ಟು, 110 ಆದರೆ ನಾಲ್ಕು ಪಟ್ಟು. ಒಳಗೆ ತೇವ ಸೇರಿದ್ದರೆ ಇನ್ನೂ ಬೇಗ. ಒಳಗೆ ಹೋಗುವ ಗಾಳಿಯ ತೇವ ಹೀರುವ ಬ್ರೀದರ್‌ನ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ್ದನ್ನು ಮಳೆಗಾಲದುದ್ದಕ್ಕೂ ಹಾಗೇ ಬಿಟ್ಟರೆ ಆ ತೇವ ಕೊನೆಗೆ ಹೋಗಿ ಕೂರುವುದು ಕಾಗದದಲ್ಲೇ.

ಕಾಗದದ ನಾರು ಉದ್ದನೆಯ ಸರಪಳಿಗಳಿಂದ ಆಗಿದೆ. ಹೊಸ ಕಾಗದದಲ್ಲಿ ಒಂದು ಸರಪಳಿಗೆ ಸರಾಸರಿ ಸಾವಿರಕ್ಕೂ ಮಿಕ್ಕಿ ಕೊಂಡಿಗಳು ಇರುತ್ತವೆ. ಅದು 200ಕ್ಕೆ ಇಳಿದರೆ ಕಾಗದದ ಆಯುಷ್ಯ ಮುಗಿದಂತೆ. ಆದರೆ ಗಮನಿಸಿ, ಹಾಗೆ ಮುಪ್ಪಾದ ಕಾಗದ ಕೂಡ ವೋಲ್ಟೇಜ್ ತಡೆದುಕೊಂಡೇ ಇರುತ್ತದೆ. ಅದು ಕಳೆದುಕೊಂಡಿರುವುದು ಎಳೆತ ತಾಳುವ ಶಕ್ತಿ. ಅಲ್ಲಾಡಿಸದೆ ಇದ್ದರೆ ಇನ್ನೂ ಹಲವು ವರ್ಷ ನಡೆದೀತು. ಅಲ್ಲಾಡಿಸಿದರೆ ಬಿರುಕು ಬಿಡುತ್ತದೆ.

ಅಲ್ಲಾಡಿಸುವುದು ಯಾರು? ಹೊರಗಿನ ಶಾರ್ಟ್‌ಗಳು. ಮುಂಗಾರಿಗೆ ಮೊದಲು ಗಾಳಿ-ಗುಡುಗಿನ ಮಳೆ ಬರುತ್ತದಲ್ಲ, ಆಗ 11 ಕೆವಿ ತಂತಿಗಳು ಒಂದಕ್ಕೊಂದು ಬಡಿಯುತ್ತವೆ, ಬೇವಿನ ಕೊಂಬೆ ಮುರಿದು ಲೈನ್ ಮೇಲೆ ಬೀಳುತ್ತದೆ. ಸೇಡಂ, ವಾಡಿ, ಶಹಾಬಾದ್ ಸುತ್ತ ಸಿಮೆಂಟ್ ಧೂಳು ಇನ್ಸುಲೇಟರ್ ಮೇಲೆ ಕೂತು, ಮೊದಲ ತುಂತುರು ಹನಿ ಬಿದ್ದಾಗ ಫ್ಲ್ಯಾಶ್ ಆಗುತ್ತದೆ. ಪ್ರತಿ ಸಲವೂ ಭಾರಿ ಕರೆಂಟ್ ಟ್ರಾನ್ಸ್‌ಫಾರ್ಮರ್ ಮೂಲಕವೇ ಹೋಗಬೇಕು. ಇಂಪೀಡೆನ್ಸ್, ಅಂದರೆ ಕರೆಂಟ್‌ಗೆ ಟ್ರಾನ್ಸ್‌ಫಾರ್ಮರ್ ಒಡ್ಡುವ ತಡೆ, ಶೇ 10 ಇದ್ದರೆ ಬಾಗಿಲಲ್ಲೇ ಆದ ಶಾರ್ಟ್‌ಗೆ ಸುಮಾರು 10 ಪಟ್ಟು ಕರೆಂಟ್. ಸುರುಳಿಗಳ ಮೇಲೆ ಬೀಳುವ ಬಲ ಕರೆಂಟ್‌ನ ವರ್ಗದಂತೆ, ಅಂದರೆ 100 ಪಟ್ಟು. ಆ ಬಲ ಹೊರಗಿನ ಸುರುಳಿಯನ್ನು ಹೊರಕ್ಕೆ ಹಿಗ್ಗಿಸುತ್ತದೆ, ಒಳಗಿನ ಸುರುಳಿಯನ್ನು ಕೋರ್ ಕಡೆಗೆ ಹಿಚುಕುತ್ತದೆ. ಹೊಸದಾಗಿದ್ದಾಗ ಅದನ್ನು ತಾಳುವ ಹಾಗೆ ಕಟ್ಟಿರುತ್ತಾರೆ. ಇಪ್ಪತ್ತು ಬೇಸಿಗೆ ಕಂಡ ಕಾಗದಕ್ಕೆ ಅದೇ ಏಟು ಜಾಸ್ತಿಯಾಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಫೀಡರ್ ಟ್ರಿಪ್ ಆದಾಗ "ಒಮ್ಮೆ ಹಾಕಿ ನೋಡು, ನಿಲ್ಲುತ್ತೋ ಇಲ್ವೋ" ಎಂದು ಮತ್ತೆ ಮತ್ತೆ ಚಾರ್ಜ್ ಮಾಡುವ ಅಭ್ಯಾಸ ಎಲ್ಲ ಕಡೆಯೂ ಇದೆ. ಹಳ್ಳಿಯಿಂದ ಫೋನ್ ಮೇಲೆ ಫೋನ್ ಬರುತ್ತಿರುವಾಗ ಆಪರೇಟರ್‌ನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಲೈನ್ ನೋಡದೆ ಹಾಕಿದ ಪ್ರತಿ ಚಾರ್ಜ್ ವೈಂಡಿಂಗ್‌ಗೆ ಇನ್ನೊಂದು ಗುದ್ದು. ಆ ಗುದ್ದು ಯಾವ ಮೀಟರ್‌ನಲ್ಲೂ ಉಳಿಯುವುದಿಲ್ಲ, ಸುರುಳಿಯಲ್ಲಿ ಉಳಿಯುತ್ತದೆ.

ಸಿಡಿಲಿನ ಸಂಗತಿ ಸ್ವಲ್ಪ ಬೇರೆ. ಸಿಡಿಲಿನ ಅಲೆ ಸೆಕೆಂಡಿನ ಹತ್ತು ಲಕ್ಷದ ಕೆಲವೇ ಭಾಗದಲ್ಲಿ ಏರುವುದರಿಂದ ಅದು ಸಾವಿರ ಸುತ್ತಿಗೂ ಸಮನಾಗಿ ಹಂಚಿಕೊಳ್ಳುವುದಿಲ್ಲ. ಲೈನ್ ಕಡೆಯ ಮೊದಲ ಕೆಲವು ಸುತ್ತುಗಳ ಮೇಲೇ ಬಹುಪಾಲು ಬೀಳುತ್ತದೆ. ಸುತ್ತು-ಸುತ್ತಿನ ನಡುವಿನ ಕಾಗದ ಆ ತುದಿಯಲ್ಲಿ ಮೊದಲು ತೂತಾಗುವುದು ಅದಕ್ಕೇ. ಲೈಟ್ನಿಂಗ್ ಅರೆಸ್ಟರ್ ಮತ್ತು ಅದರ ಅರ್ಥಿಂಗ್ ಸರಿ ಇದ್ದರೆ ಈ ಭಯ ಬಹಳ ಕಡಿಮೆ. ಬೇಸಿಗೆಯಲ್ಲಿ ನಮ್ಮ ಕರಿನೆಲ ಒಣಗಿ ಬಾಯಿಬಿಟ್ಟಾಗ ಅರ್ಥಿಂಗ್ ಪ್ರತಿರೋಧ ಏರಿರುತ್ತದೆ. ಸಿಡಿಲು ಬರುವುದೂ ಅದೇ ಹೊತ್ತಿಗೆ. ಅರ್ಥ್ ಪಿಟ್‌ಗೆ ನೀರು ಹಾಕುವುದು ಚಿಕ್ಕ ಕೆಲಸ ಅಂತ ಯಾರೂ ಎಣಿಸಬಾರದು.

ಎಣ್ಣೆಗೆ ಎಲ್ಲ ಗೊತ್ತಿರುತ್ತದೆ

ಈಗ ಮುಖ್ಯ ವಿಷಯ. ಒಳಗೆ ಎಲ್ಲಿ ಕಾವು ಜಾಸ್ತಿಯಾದರೂ, ಎಲ್ಲಿ ಕಿಡಿ ಹಾರಿದರೂ ಅಲ್ಲಿನ ಎಣ್ಣೆ ಒಡೆದು ಅನಿಲವಾಗುತ್ತದೆ. ಆ ಅನಿಲ ಎಣ್ಣೆಯಲ್ಲೇ ಕರಗಿ ಉಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ನಿಲ್ಲಿಸದೆಯೇ ಕೆಳಗಿನ ವಾಲ್ವ್‌ನಿಂದ ಸ್ವಲ್ಪ ಎಣ್ಣೆ ತೆಗೆದು, ಯಾವ ಅನಿಲ ಎಷ್ಟಿದೆ ಎಂದು ಅಳೆಯಬಹುದು. ಇದೇ ಡಿಜಿಎ, ಕರಗಿದ ಅನಿಲದ ಪರೀಕ್ಷೆ. ವೈಂಡಿಂಗ್ ದೋಷವನ್ನು ಮೊದಲೇ ಹಿಡಿಯುವ ಎಲ್ಲ ದಾರಿಗಳಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಯಾವ ಅನಿಲ ಏನು ಹೇಳುತ್ತದೆ? ಎಣ್ಣೆಯೊಳಗಿನ ಗುಳ್ಳೆಯಲ್ಲೋ ತೇವದ ಕಾಗದದಲ್ಲೋ ಸಣ್ಣ ಸಣ್ಣ ವಿದ್ಯುತ್ ಸೋರಿಕೆ, ಅಂದರೆ ಪಾರ್ಶಿಯಲ್ ಡಿಸ್ಚಾರ್ಜ್ ಇದ್ದರೆ ಮುಖ್ಯವಾಗಿ ಹೈಡ್ರೋಜನ್ ಬರುತ್ತದೆ. ಎಣ್ಣೆ ಸಾಧಾರಣ ಬಿಸಿಯಾದರೆ ಮೀಥೇನ್ ಮತ್ತು ಈಥೇನ್. ಕಾವು ಏರುತ್ತ ಹೋದಂತೆ ಎಥಿಲೀನ್ ಮುಂದೆ ಬರುತ್ತದೆ. ಸುಮಾರು 700 ಡಿಗ್ರಿ ದಾಟಿದ ಮೇಲೆ, ಅಥವಾ ಆರ್ಕ್ ಆದಾಗ ಅಸಿಟಿಲೀನ್. ಕಾಗದ ಸುಟ್ಟರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಡೈಆಕ್ಸೈಡ್. ಮಾನಾಕ್ಸೈಡ್‌ಗೆ ಹೋಲಿಸಿದರೆ ಡೈಆಕ್ಸೈಡ್ ಮೂರು ಪಟ್ಟಿಗಿಂತ ಕಡಿಮೆ ಇದ್ದು, ಉಳಿದ ಅನಿಲಗಳೂ ಏರಿದ್ದರೆ ಕಾಗದದ ಮೇಲೆ ಅನುಮಾನ ಪಡಬೇಕು. ಅದೊಂದನ್ನೇ ನೋಡಿ ತೀರ್ಪು ಕೊಡಬಾರದು. ಎಣ್ಣೆ ಹಳತಾದರೂ ಈ ಎರಡು ಅನಿಲ ಬರುತ್ತವೆ. ಕಾಗದದ ಬಗ್ಗೆ ಇನ್ನೂ ನೇರ ಸಾಕ್ಷಿ ಬೇಕೆಂದರೆ ಅದೇ ಎಣ್ಣೆಯಲ್ಲಿ ಫ್ಯೂರಾನ್ ಅಳೆಯಬಹುದು. ಅದು ಕಾಗದ ಒಡೆದಾಗ ಮಾತ್ರ ಬರುತ್ತದೆ.

ಈ ಪೈಕಿ ಅಸಿಟಿಲೀನ್ ಕಂಡರೆ ಎದ್ದು ಕೂರಬೇಕು. ಐಇಸಿ 60599 ಮಾನದಂಡ ಸೇವೆಯಲ್ಲಿರುವ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಮಟ್ಟವನ್ನು ಪಟ್ಟಿ ಮಾಡಿದೆ. ಹೈಡ್ರೋಜನ್‌ಗೆ ಅದು 50ರಿಂದ 150 ಪಿಪಿಎಂ, ಅಸಿಟಿಲೀನ್‌ಗೆ ಬರೀ 2ರಿಂದ 20. ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ.

ಇಲ್ಲೊಂದು ಎಡವುವ ಕಲ್ಲು ಇದೆ. ಲೋಡ್ ಇದ್ದಾಗಲೇ ಟ್ಯಾಪ್ ಬದಲಿಸುವ ಒಎಲ್‌ಟಿಸಿ ಪೆಟ್ಟಿಗೆಯಲ್ಲಿ ಪ್ರತಿ ಬದಲಾವಣೆಗೂ ಸಣ್ಣ ಆರ್ಕ್ ಆಗುವುದು ಸಹಜ. ಅಲ್ಲಿ ಅಸಿಟಿಲೀನ್ ಇದ್ದೇ ಇರುತ್ತದೆ. ಆ ಪೆಟ್ಟಿಗೆಯ ಸೀಲ್ ಸೋರಿದರೆ ಅಥವಾ ಎರಡಕ್ಕೂ ಮೇಲಿನ ಎಣ್ಣೆ ತೊಟ್ಟಿಯಲ್ಲಿ, ಅಂದರೆ ಕನ್ಸರ್ವೇಟರ್‌ನಲ್ಲಿ, ಸಂಪರ್ಕ ಇದ್ದರೆ ಅದು ಮುಖ್ಯ ಟ್ಯಾಂಕಿನ ಎಣ್ಣೆಗೆ ಸೇರುತ್ತದೆ. ಗಟ್ಟಿಮುಟ್ಟಾದ ವೈಂಡಿಂಗ್ ಮೇಲೆ ಸುಳ್ಳು ದೂರು ಬೀಳುತ್ತದೆ. ಹಾಗಾಗಿ ಅಸಿಟಿಲೀನ್ ಒಂದೇ ಏರಿದೆಯೋ, ಅದರ ಜೊತೆ ಎಥಿಲೀನ್, ಹೈಡ್ರೋಜನ್ ಕೂಡ ಏರಿವೆಯೋ ನೋಡಬೇಕು.

ಅಂಕಿಗಳನ್ನು ಓದಲು ಹಲವು ವಿಧಾನಗಳಿವೆ. ಹೆಚ್ಚು ಬಳಕೆಯಲ್ಲಿರುವುದು ಡುವಾಲ್ ತ್ರಿಕೋನ. ಕೆನಡಾದ ಹೈಡ್ರೋ-ಕ್ವಿಬೆಕ್‌ನಲ್ಲಿದ್ದ ಮಿಷೆಲ್ ಡುವಾಲ್ 1970ರ ದಶಕದಲ್ಲಿ ಇದನ್ನು ಕೊಟ್ಟರು. ಮೀಥೇನ್, ಎಥಿಲೀನ್, ಅಸಿಟಿಲೀನ್ ಮೂರನ್ನೂ ಕೂಡಿಸಿ, ಯಾವುದು ಶೇಕಡ ಎಷ್ಟು ಎಂದು ನೋಡಿದರೆ ತ್ರಿಕೋನದಲ್ಲಿ ಒಂದು ಚುಕ್ಕೆ ಸಿಗುತ್ತದೆ. ಆ ಚುಕ್ಕೆ ಯಾವ ವಲಯದಲ್ಲಿ ಬಿದ್ದಿದೆಯೋ ಅದು ದೋಷದ ಜಾತಿ.

ಲೆಕ್ಕಕ್ಕೆ ಒಂದು ಉದಾಹರಣೆ. ಜನವರಿಯ ಸ್ಯಾಂಪಲ್‌ನಲ್ಲಿ ಮೀಥೇನ್ 60, ಎಥಿಲೀನ್ 120, ಅಸಿಟಿಲೀನ್ 20 ಪಿಪಿಎಂ ಇದೆ ಎನ್ನಿ. ಒಟ್ಟು 200. ಶೇಕಡ 30, 60, 10. ಚುಕ್ಕೆ ಬೀಳುವುದು ಟಿ-3 ವಲಯದಲ್ಲಿ, ಅಂದರೆ 700 ಡಿಗ್ರಿ ಮೀರಿದ ಕಾವು. ಯಾವುದೋ ಜೋಡಣೆ ಸಡಿಲವಾಗಿರಬಹುದು, ಟ್ಯಾಪ್‌ನ ಕಾಂಟ್ಯಾಕ್ಟ್ ಇರಬಹುದು, ವೈಂಡಿಂಗ್ ಕೂಡ ಇರಬಹುದು. ಮಾರ್ಚ್‌ನಲ್ಲಿ ಮತ್ತೆ ತೆಗೆದಾಗ 80, 200, 120 ಬಂತು ಎನ್ನಿ. ಒಟ್ಟು 400. ಶೇಕಡ 20, 50, 30. ಚುಕ್ಕೆ ಡಿ-2ಕ್ಕೆ ಸರಿದಿದೆ. ಅದು ಜೋರಾದ ಆರ್ಕ್. ಇನ್ನೂ ಸ್ಪಷ್ಟವಾಗಿ ಕಾಣಬೇಕೆಂದರೆ ನಡುವೆ ಹೊಸದಾಗಿ ಸೇರಿದ್ದನ್ನು ಮಾತ್ರ ತೆಗೆದುಕೊಳ್ಳಿ: 20, 80, 100. ಶೇಕಡ 10, 40, 50. ಹಳೆಯ ಅನಿಲದ ಮರೆ ಸರಿದು, ಈ ಎರಡು ತಿಂಗಳಲ್ಲಿ ಆದದ್ದು ಮಾತ್ರ ಮುಂದೆ ನಿಲ್ಲುತ್ತದೆ. ಬಿಸಿಯಾಗಿದ್ದ ಜಾಗದಲ್ಲಿ ಈಗ ಕಿಡಿ ಹಾರುತ್ತಿದೆ. ಇಂಥ ವರದಿಯನ್ನು ಫೈಲಿಗೆ ಸೇರಿಸಿ ಮುಂದಿನ ವರ್ಷ ನೋಡೋಣ ಅನ್ನುವಂತಿಲ್ಲ.

ತ್ರಿಕೋನದ ಬಗ್ಗೆ ಒಂದು ಎಚ್ಚರಿಕೆ. ಅದಕ್ಕೆ "ದೋಷ ಇಲ್ಲ" ಎಂಬ ವಲಯವೇ ಇಲ್ಲ. ಆರೋಗ್ಯವಾಗಿರುವ ಟ್ರಾನ್ಸ್‌ಫಾರ್ಮರ್‌ನ ಅಂಕಿ ಹಾಕಿದರೂ ಯಾವುದೋ ಒಂದು ರೋಗದ ಹೆಸರು ಹೇಳುತ್ತದೆ. ಅನಿಲಗಳು ಮಾಮೂಲಿ ಮಟ್ಟ ಮೀರಿವೆ, ಅಥವಾ ಬೇಗ ಬೇಗ ಏರುತ್ತಿವೆ ಎಂದು ಖಾತ್ರಿಯಾದ ಮೇಲೆ ಮಾತ್ರ ಅದನ್ನು ಕೈಗೆತ್ತಿಕೊಳ್ಳಬೇಕು.

ಇದೆಲ್ಲ ನಿಂತಿರುವುದು ಸ್ಯಾಂಪಲ್ ತೆಗೆಯುವವನ ಕೈಮೇಲೆ. ವಾಲ್ವ್‌ನ ಬಾಯಲ್ಲಿ ನಿಂತ ಹಳೆಯ ಎಣ್ಣೆಯನ್ನು ಮೊದಲು ಹೊರಗೆ ಬಿಡಬೇಕು. ಗಾಜಿನ ಸಿರಿಂಜ್‌ನಲ್ಲಿ ಗಾಳಿಗುಳ್ಳೆ ಸೇರದ ಹಾಗೆ ನಿಧಾನ ತುಂಬಬೇಕು. ಹೈಡ್ರೋಜನ್ ಬಹಳ ಹಗುರ, ಸಡಿಲ ಮುಚ್ಚಳದಿಂದ ತಪ್ಪಿಸಿಕೊಳ್ಳುತ್ತದೆ. ಸಿರಿಂಜನ್ನು ಬಿಸಿಲಿಗೆ ಬಿಡಬಾರದು, ಬೆಳಕು ತಾಗದ ಹಾಗೆ ಇಡಬೇಕು. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಲ್ಯಾಬ್‌ಗೆ ಇಲ್ಲಿಂದ ಒಂದು ರಾತ್ರಿಯ ದಾರಿ. ಮೇ ತಿಂಗಳ ಮಧ್ಯಾಹ್ನ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಕೂತ ಸ್ಯಾಂಪಲ್, ಹೊಲಸು ಬಾಟಲಿಯಲ್ಲಿ ತುಂಬಿದ ಸ್ಯಾಂಪಲ್, ತಾರೀಖು ಬರೆಯದ ಸ್ಯಾಂಪಲ್, ಇವು ಇಲ್ಲದ್ದಕ್ಕಿಂತ ಕಡೆ. ತಪ್ಪು ಅಂಕಿ ಕೊಟ್ಟು ನೆಮ್ಮದಿಯಿಂದ ಮಲಗಿಸುತ್ತವೆ. ಸ್ಯಾಂಪಲ್ ಜೊತೆ ಎಣ್ಣೆಯ ಉಷ್ಣತೆ, ಆಗಿನ ಲೋಡ್, ಈಚೆಗೆ ಎಣ್ಣೆ ಶೋಧಿಸಿದ್ದರೆ ಆ ತಾರೀಖು, ಇಷ್ಟನ್ನೂ ಬರೆಯಬೇಕು. ಶೋಧಿಸಿದ ಎಣ್ಣೆಯಲ್ಲಿ ಅನಿಲ ಇಲ್ಲವಾಗಿರುತ್ತದೆ, ದೋಷ ಮಾತ್ರ ಅಲ್ಲೇ ಇರುತ್ತದೆ.

ಬುಕೋಲ್ಸ್ ರಿಲೇ ಕೂಗಿದಾಗ

ಡಿಜಿಎಗೂ ಒಂದು ಮಿತಿ ಇದೆ. ಆರು ತಿಂಗಳಿಗೊಮ್ಮೆ ಸ್ಯಾಂಪಲ್ ತೆಗೆದರೆ ನಡುವಿನ ಒಂದೇ ವಾರದಲ್ಲಿ ಹುಟ್ಟಿ ಬೆಳೆದ ದೋಷ ಸಿಗುವುದಿಲ್ಲ. ಅಲ್ಲಿ ಕಾವಲಿಗೆ ನಿಂತಿರುವುದು ಬುಕೋಲ್ಸ್ ರಿಲೇ. ಜರ್ಮನಿಯ ಮಾಕ್ಸ್ ಬುಕೋಲ್ಸ್ 1921ರಲ್ಲಿ ರೂಪಿಸಿದ ಸಾಧನ, ನೂರು ವರ್ಷ ದಾಟಿದರೂ ಇದರ ಜಾಗಕ್ಕೆ ಬೇರೆ ಬಂದಿಲ್ಲ. ಮುಖ್ಯ ಟ್ಯಾಂಕ್ ಮತ್ತು ಕನ್ಸರ್ವೇಟರ್ ನಡುವಿನ ಓರೆ ಪೈಪಿನಲ್ಲಿ ಇರುತ್ತದೆ. ಒಳಗೆ ಹುಟ್ಟಿದ ಅನಿಲ ಎಣ್ಣೆ ಕರಗಿಸಿಕೊಳ್ಳುವಷ್ಟಕ್ಕಿಂತ ಜಾಸ್ತಿಯಾದರೆ ಗುಳ್ಳೆಯಾಗಿ ಮೇಲೇರಿ ಇಲ್ಲಿ ಕೂಡುತ್ತದೆ. ಮೇಲಿನ ಫ್ಲೋಟ್ ಇಳಿದು ಅಲಾರ್ಮ್ ಕೊಡುತ್ತದೆ. ದೊಡ್ಡ ಆರ್ಕ್ ಆಗಿ ಎಣ್ಣೆ ರಭಸದಿಂದ ನುಗ್ಗಿದರೆ ಕೆಳಗಿನದು ಟ್ರಿಪ್ ಮಾಡಿಸುತ್ತದೆ.

ಡಿಫರೆನ್ಶಿಯಲ್‌ಗೆ ಕಾಣದ ಆ ಒಂದು ಸುತ್ತಿನ ಶಾರ್ಟ್ ಇದಕ್ಕೆ ಕಾಣುತ್ತದೆ. ಯಾಕೆಂದರೆ ಇದು ಕರೆಂಟ್ ನೋಡುವುದೇ ಇಲ್ಲ, ಅನಿಲ ನೋಡುತ್ತದೆ. ಆದ್ದರಿಂದ ಅಲಾರ್ಮ್ ಬಂದಾಗ ಗಾಳಿ ಬಿಟ್ಟು, ರಿಸೆಟ್ ಮಾಡಿ, ಲಾಗ್‌ಬುಕ್‌ನಲ್ಲಿ ಒಂದು ಸಾಲು ಬರೆದು ಮುಗಿಸಬಾರದು. ಎಣ್ಣೆ ಶೋಧಿಸಿದ ಹೊಸದರಲ್ಲಿ ಬರೀ ಗಾಳಿ ಕೂಡುವುದುಂಟು, ಸರಿ. ಗಾಳಿಯೋ ದೋಷದ ಅನಿಲವೋ ಎಂದು ತಿಳಿಯಲು ಆ ಅನಿಲವನ್ನೇ ಹಿಡಿದು ಪರೀಕ್ಷೆಗೆ ಕಳಿಸಬೇಕು. ಜೊತೆಗೆ ಎಣ್ಣೆಯ ಸ್ಯಾಂಪಲ್ ಕೂಡ.

ಈಗ ಹೈಡ್ರೋಜನ್ ಒಂದನ್ನೋ, ಎಲ್ಲ ಅನಿಲಗಳನ್ನೋ ಸತತವಾಗಿ ಅಳೆಯುವ ಆನ್‌ಲೈನ್ ಯಂತ್ರಗಳು ಬಂದಿವೆ. ಟ್ಯಾಂಕಿನ ಗೋಡೆಗೆ ಅಕೌಸ್ಟಿಕ್ ಸೆನ್ಸರ್ ಅಂಟಿಸಿ ಡಿಸ್ಚಾರ್ಜ್‌ನ ಸದ್ದು ಕೇಳಿ, ಅದು ಎಲ್ಲಿದೆ ಎಂದು ಗುರುತಿಸುವ ವಿಧಾನವೂ ಇದೆ. ಎಲ್ಲ ಸ್ಟೇಷನ್‌ಗೂ ಹಾಕುವುದು ಕಷ್ಟ. ಬದಲಿ ಇಲ್ಲದ, ಲೋಡ್ ಜಾಸ್ತಿ ಇರುವ ಕಡೆ ಮೊದಲು ಹಾಕಿದರೆ ಅರ್ಥ ಇದೆ.

ನಿಲ್ಲಿಸಿ ನೋಡುವ ಪರೀಕ್ಷೆಗಳು

ಎಣ್ಣೆ ಅನುಮಾನ ಹುಟ್ಟಿಸುತ್ತದೆ, ಜಾಗ ತೋರಿಸುವುದಿಲ್ಲ. ಅದಕ್ಕೆ ಲೈನ್ ತೆಗೆದು ಪರೀಕ್ಷೆ ಮಾಡಬೇಕು. ಬಹಳ ಜನ ಮೊದಲು ಮಾಡುವುದು ಸುತ್ತಿನ ಅನುಪಾತ. ಇದರಲ್ಲಿ ಶೇ 0.5ರವರೆಗಿನ ವ್ಯತ್ಯಾಸವನ್ನು ಸರಿ ಎಂದೇ ಒಪ್ಪುತ್ತಾರೆ. ಸಾವಿರದಲ್ಲಿ ಒಂದು ಸುತ್ತು ಅಂದರೆ ಶೇ 0.1. ಲೆಕ್ಕ ಎದುರಿಗೇ ಇದೆ, ಅನುಪಾತ ಒಂದನ್ನೇ ನಂಬಿದರೆ ದೋಷ ಕೈತಪ್ಪಬಹುದು. ಅದೇ ಯಂತ್ರ ತೋರಿಸುವ ಎಕ್ಸೈಟೇಶನ್ ಕರೆಂಟ್, ಅಂದರೆ ಕೋರ್‌ನಲ್ಲಿ ಕಾಂತತ್ವ ಹುಟ್ಟಿಸಲು ಬೇಕಾದ ಕರೆಂಟ್, ಕಡೆ ಕಣ್ಣು ಹೋಗಬೇಕು. ಶಾರ್ಟ್ ಆದ ಸುತ್ತು ಇದ್ದರೆ ಅದು ಎದ್ದು ಕಾಣುವಷ್ಟು ಏರುತ್ತದೆ.

ನನಗೆ ತುಂಬಾ ಮೆಚ್ಚುಗೆಯಾದ ಪರೀಕ್ಷೆ ಮ್ಯಾಗ್ನೆಟಿಕ್ ಬ್ಯಾಲೆನ್ಸ್. ದೊಡ್ಡ ಸಲಕರಣೆ ಬೇಡ, ಸಿಂಗಲ್ ಫೇಸ್ ಸಪ್ಲೈ ಮತ್ತು ಮಲ್ಟಿಮೀಟರ್ ಸಾಕು. ಮೂರು ಕಾಲಿನ ಕೋರ್‌ನಲ್ಲಿ ನಡುವಿನ ಫೇಸ್‌ಗೆ 230 ವೋಲ್ಟ್ ಕೊಟ್ಟರೆ ಎರಡೂ ಬದಿಯ ಫೇಸ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧರ್ಧ ಬರಬೇಕು. ಬದಿಯದಕ್ಕೆ ಕೊಟ್ಟರೆ ನಡುವಿನದರಲ್ಲಿ ಬಹುಪಾಲು, ಆಚೆ ತುದಿಯದರಲ್ಲಿ ಉಳಿದದ್ದು. ಯಾವುದಾದರೂ ಕಾಲಿನ ಮೇಲೆ ಶಾರ್ಟ್ ಆದ ಸುತ್ತು ಇದ್ದರೆ ಕಾಂತಪ್ರವಾಹ ಆ ಕಾಲಿಗೆ ಹೋಗಲು ಒಪ್ಪುವುದಿಲ್ಲ. ಅಲ್ಲಿ ವೋಲ್ಟೇಜ್ ಕುಸಿಯುತ್ತದೆ. ಆ ಕಾಲಿಗೇ ಸಪ್ಲೈ ಕೊಟ್ಟರೆ ಕರೆಂಟ್ ಜಿಗಿಯುತ್ತದೆ. ಯಾವ ಫೇಸ್ ಎಂದು ಅಲ್ಲೇ ಗೊತ್ತಾಗುತ್ತದೆ.

ಸುತ್ತು ಶಾರ್ಟ್ ಆಗದೆ ಬರೀ ಸುರುಳಿ ಜರುಗಿದ್ದರೆ, ಬಾಗಿದ್ದರೆ? ಇದು ಇನ್ನೂ ಮೊದಲಿನ ಹಂತ. ಅದನ್ನು ಹಿಡಿಯಲು ಎಸ್‌ಎಫ್‌ಆರ್‌ಎ ಇದೆ. ವೈಂಡಿಂಗ್‌ನ ಒಂದು ತುದಿಗೆ ಸುಮಾರು 20 ಹರ್ಟ್ಸ್‌ನಿಂದ 2 ಮೆಗಾಹರ್ಟ್ಸ್‌ವರೆಗೆ ಕೆಲವೇ ವೋಲ್ಟಿನ ಸಿಗ್ನಲ್ ಕೊಟ್ಟು, ಇನ್ನೊಂದು ತುದಿಯಲ್ಲಿ ಎಷ್ಟು ಬಂತು ಎಂದು ಗೆರೆ ಎಳೆಯುತ್ತಾರೆ. 1978ರಲ್ಲಿ ಕೆನಡಾದ ಡಿಕ್ ಮತ್ತು ಅರ್ವೆನ್ ತೋರಿಸಿದ ದಾರಿ. ಸುರುಳಿಯ ಆಕಾರವೇ ಆ ಗೆರೆಯ ಏರಿಳಿತ. ಸುತ್ತು ಶಾರ್ಟ್ ಆಗಿದ್ದರೆ ಗೆರೆ ಕೆಳ ಆವರ್ತನದ ಕಡೆ ಬದಲಾಗುತ್ತದೆ, ಸುರುಳಿ ವಿಕಾರವಾಗಿದ್ದರೆ ನಡುವಿನಲ್ಲಿ.

ಆದರೆ ಬದಲಾಗಿದೆ ಎನ್ನಲು ಮೊದಲಿನ ಗೆರೆ ಬೇಕಲ್ವಾ? ಎಷ್ಟೋ ಹಳೆಯ ಟ್ರಾನ್ಸ್‌ಫಾರ್ಮರ್‌ಗಳಿಗೆ ಅದೇ ಇಲ್ಲ. ಇಲ್ಲದಿದ್ದರೆ ಮೂರು ಫೇಸ್‌ಗಳನ್ನು ಒಂದಕ್ಕೊಂದು, ಅಥವಾ ಅದೇ ಕಂಪನಿಯ ಅದೇ ವಿನ್ಯಾಸದ ಜೋಡಿ ಟ್ರಾನ್ಸ್‌ಫಾರ್ಮರ್ ಜೊತೆ ಹೋಲಿಸಬಹುದು. ಅಷ್ಟು ಗಟ್ಟಿ ಸಾಕ್ಷಿ ಅಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ಮೇಲು. ಇನ್ನೊಂದು ಸಣ್ಣ ಸಂಗತಿ: ಡಿಸಿ ಕೊಟ್ಟು ವೈಂಡಿಂಗ್ ರೆಸಿಸ್ಟೆನ್ಸ್ ಅಳೆದರೆ ಕೋರ್‌ನಲ್ಲಿ ಕಾಂತತ್ವ ಉಳಿದು, ಎಸ್‌ಎಫ್‌ಆರ್‌ಎ ಗೆರೆಯ ಕೆಳಭಾಗ ಸರಿಯುತ್ತದೆ. ಒಳ್ಳೆಯ ಟ್ರಾನ್ಸ್‌ಫಾರ್ಮರ್ ಕೂಡ ಕೆಟ್ಟಂತೆ ಕಾಣುತ್ತದೆ. ಎಸ್‌ಎಫ್‌ಆರ್‌ಎ ಮೊದಲು, ರೆಸಿಸ್ಟೆನ್ಸ್ ಆಮೇಲೆ. ಇಲ್ಲವೇ ಕೋರನ್ನು ಡಿಮ್ಯಾಗ್ನೆಟೈಸ್ ಮಾಡಿಯೇ ಮುಂದುವರಿಯಬೇಕು. ಶಾರ್ಟ್ ಸರ್ಕ್ಯೂಟ್ ಇಂಪೀಡೆನ್ಸ್ ಅಳೆದು, ನೇಮ್‌ಪ್ಲೇಟ್‌ನ ಅಂಕಿ ಜೊತೆ ತಾಳೆ ನೋಡಿದರೆ ಎರಡನೇ ಸಾಕ್ಷಿ ಸಿಗುತ್ತದೆ. ಶೇ 2ಕ್ಕಿಂತ ಹೆಚ್ಚು ಸರಿದಿದ್ದರೆ ಸುರುಳಿ ತನ್ನ ಜಾಗದಲ್ಲಿಲ್ಲ ಎಂದು ಶಂಕಿಸಬೇಕು.

ಯಾವಾಗ ನಿಲ್ಲಿಸಬೇಕು

ಇದು ಎಲ್ಲಕ್ಕಿಂತ ಕಷ್ಟದ ತೀರ್ಮಾನ. ಹಿಂಗಾರು ಬೆಳೆಗೆ ನೀರು ಬೇಕಾದಾಗ, ಶಹಾಪುರ-ಸುರಪುರದ ಬೇಸಿಗೆ ಭತ್ತಕ್ಕೆ ಪಂಪ್ ಓಡುತ್ತಿರುವಾಗ ಟ್ರಾನ್ಸ್‌ಫಾರ್ಮರ್ ತೆಗೆಯಿರಿ ಎಂದರೆ ಯಾರು ಒಪ್ಪುತ್ತಾರೆ? ನನ್ನ ತಿಳಿವಳಿಕೆ ಹೀಗಿದೆ. ಎಥಿಲೀನ್, ಮೀಥೇನ್ ಮಾತ್ರ ನಿಧಾನ ಏರುತ್ತಿದ್ದರೆ ಲೋಡ್ ಇಳಿಸಿ, ತಿಂಗಳಿಗೊಮ್ಮೆ, ಬೇಕಾದರೆ ವಾರಕ್ಕೊಮ್ಮೆ ಸ್ಯಾಂಪಲ್ ತೆಗೆಯುತ್ತ ಮಳೆಗಾಲದವರೆಗೆ ಸಾಗಿಸಬಹುದು. ಪಂಪ್‌ಸೆಟ್ ಲೋಡ್ ಇಳಿದ ಮೇಲೆ ಪಕ್ಕದ ಟ್ರಾನ್ಸ್‌ಫಾರ್ಮರ್‌ಗೆ ಫೀಡರ್ ವರ್ಗಾಯಿಸಿ ಬಿಚ್ಚಿ ನೋಡಬಹುದು. ಲೋಡ್ ಇಳಿಸಿದಾಗ ಅನಿಲದ ಏರಿಕೆಯೂ ನಿಂತರೆ ದೋಷ ಕರೆಂಟ್ ಹರಿಯುವ ಜೋಡಣೆಯಲ್ಲಿದೆ ಎಂಬ ಸುಳಿವೂ ಸಿಕ್ಕಂತಾಯಿತು. ಆದರೆ ಅಸಿಟಿಲೀನ್ ಒಂದು ಸ್ಯಾಂಪಲ್‌ನಿಂದ ಇನ್ನೊಂದಕ್ಕೆ ಜಿಗಿಯುತ್ತಿದ್ದು, ಹೈಡ್ರೋಜನ್ ಮತ್ತು ಮಾನಾಕ್ಸೈಡ್ ಕೂಡ ಜೊತೆಗೂಡಿದ್ದರೆ, ಟ್ಯಾಪ್ ಪೆಟ್ಟಿಗೆಯ ಸೋರಿಕೆ ಅಲ್ಲ ಎಂದು ಖಾತ್ರಿಯಾಗಿದ್ದರೆ ಸುಗ್ಗಿಯೇ ಇರಲಿ, ಹಬ್ಬವೇ ಇರಲಿ, ಅವತ್ತೇ ನಿಲ್ಲಿಸಬೇಕು. ಆ ಹಂತದಲ್ಲಿ ನಿಲ್ಲಿಸಿದರೆ ಒಂದು ಫೇಸ್‌ನ ಕಾಯಿಲ್ ಬದಲಿಸಿ ಉಳಿಸಿಕೊಳ್ಳಬಹುದು. ಬಿಟ್ಟರೆ ಕೋರ್ ಕೂಡ ಕರಗುತ್ತದೆ, ಟ್ಯಾಂಕ್ ಬಿರಿದು ಎಣ್ಣೆಗೆ ಬೆಂಕಿ ಹತ್ತುವ ಅಪಾಯವೂ ಇದೆ. ಅಲ್ಲಿ ರಾತ್ರಿಪಾಳಿಯಲ್ಲಿ ಜನ ಇರುತ್ತಾರೆ.

ಬಿಚ್ಚಿ ರಿಪೇರಿ ಮಾಡಿಸಿದ ಟ್ರಾನ್ಸ್‌ಫಾರ್ಮರ್ ವಾಪಸ್ ಬಂದಾಗ, ಚಾರ್ಜ್ ಮಾಡುವ ಮೊದಲೇ ಎಸ್‌ಎಫ್‌ಆರ್‌ಎ, ಮ್ಯಾಗ್ನೆಟಿಕ್ ಬ್ಯಾಲೆನ್ಸ್, ಇಂಪೀಡೆನ್ಸ್ ಮೂರನ್ನೂ ಹೊಸದಾಗಿ ತೆಗೆದಿಡಬೇಕು. ಸುರುಳಿ ಹೊಸದು, ಹಳೆಯ ಗೆರೆ ಅದಕ್ಕೆ ಹೊಂದುವುದಿಲ್ಲ. ಎಣ್ಣೆಯ ಮೊದಲ ಸ್ಯಾಂಪಲ್ ಚಾರ್ಜ್ ಮಾಡುವ ಮುಂಚೆ, ಎರಡನೆಯದು ಚಾರ್ಜ್ ಆದ ಮಾರನೆಯ ದಿನ, ಮೂರನೆಯದು ಲೋಡ್ ಹೊತ್ತು ಒಂದು ತಿಂಗಳಾದ ಮೇಲೆ. ಹಳೆಯ ಕಾಗದ ಮತ್ತು ಮರದ ತುಂಡುಗಳು ಹೀರಿಕೊಂಡಿದ್ದ ಅನಿಲ ಹೊಸ ಎಣ್ಣೆಗೆ ಸ್ವಲ್ಪ ಸ್ವಲ್ಪವಾಗಿ ಇಳಿಯುವುದರಿಂದ, ಹೊಸ ಲೆಕ್ಕವನ್ನು ಆ ಮೂರನೇ ಸ್ಯಾಂಪಲ್‌ನಿಂದ ಶುರು ಮಾಡಬೇಕು.